ತೀರ್ವೆ, ನಿಕುತಿ, ತೆರಿಗೆ

ತೆರಿಗೆಯ ಕಾನೂನು ವಾಣಿಜ್ಯ ವಿಭಾಗದವರ ಸೊತ್ತು, ಐಚ್ಛಿಕ ಕನ್ನಡದವರಿಗೆ ಅಲ್ಲಿ ಕೆಲಸವಿಲ್ಲ ಎಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಗಟ್ಟಿಯಾಗಿ ನೆಲೆಸಿದೆ. ಆದರೆ ಶಾಸನಗಳ ಪಾಠವನ್ನು ಮನಸ್ಸಿಟ್ಟು ಓದಿದವರು ಕಂಡಷ್ಟು ತೆರಿಗೆಗಳನ್ನು ವಾಣಿಜ್ಯದವರೂ ಕಂಡಿರಲಾರರು. ಸಿದ್ಧಾಯ, ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ, ಮನೆದೆರೆ, ಗಾಣದೆರೆ, ಮಗ್ಗದೆರೆ, ಮದುವೆಯ ಸುಂಕ: ಹಳಗನ್ನಡದ ಕಲ್ಲುಗಳು ದೇವರ ಹೆಸರಿಗಿಂತ ಕಡಿಮೆಯೇನೂ ಇಲ್ಲದಷ್ಟು ಬಾರಿ ಇಂತಹ ಹೆಸರುಗಳನ್ನು ಹೊತ್ತುಕೊಂಡಿವೆ. ವಚನಕಾರರ ನಡುವೆ ಸುಂಕದ ಬಂಕಣ್ಣನೆಂಬ ಒಬ್ಬನಿದ್ದಾನೆ. ತನ್ನ ಕಾಯಕದ ಪರಿಭಾಷೆಯನ್ನೇ ಅನುಭಾವದ ಭಾಷೆಯನ್ನಾಗಿ ಮಾಡಿಕೊಂಡವನು. ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು. ಲೆಕ್ಕದ ಪುಸ್ತಕಕ್ಕೂ ಕಾವ್ಯಕ್ಕೂ ನಡುವೆ ನಾವು ಈಚೆಗೆ ಕಟ್ಟಿದ ಗೋಡೆ ಅವರ ಕಾಲದಲ್ಲಿ ಇರಲಿಲ್ಲ.

‘ಶಾಸನ’ ಎಂಬ ಪದವನ್ನೇ ನೋಡಿರಿ. ಕಲ್ಲಿನ ಮೇಲೆ ಕೊರೆದದ್ದೂ ಶಾಸನ, ದೆಹಲಿಯಲ್ಲಿ ಅಂಗೀಕಾರವಾದದ್ದೂ ಶಾಸನ. ಒಂದೇ ಪದ ಎರಡಕ್ಕೂ ಸಲ್ಲುತ್ತದೆಯಾದರೂ ಎರಡರ ಸ್ವಭಾವ ಬೇರೆ. ಕಲ್ಲಿನ ಶಾಸನ ತೀರ್ಮಾನವನ್ನು ಸಾರುತ್ತದೆ. ಅದರ ಹಿಂದಿನ ಜಗಳವನ್ನು ಹೇಳುವುದು ಅಪರೂಪ. ವಿಜಯನಗರದ ಅರಸರು ಮದುವೆಯ ಸುಂಕವನ್ನು ಬಿಟ್ಟುಕೊಟ್ಟದ್ದನ್ನು ಶಾಸನಗಳು ಹೇಳುತ್ತವೆ. ಸದಾಶಿವರಾಯನ ಕಾಲದಲ್ಲಿ ಕ್ಷೌರಿಕರ ಮೇಲಿನ ತೆರಿಗೆಯನ್ನು ಮಾಫಿ ಮಾಡಿದ್ದನ್ನೂ ಹೇಳುತ್ತವೆ. ಆದರೆ ಮಾಫಿಯಾಗುವ ಮೊದಲು ಯಾರು ಯಾರ ಮುಂದೆ ಏನು ವಾದಿಸಿದರು, ಯಾರು ಬೇಡವೆಂದರು ಎಂಬುದು ಕಲ್ಲಿಗೆ ಬೇಕಾಗಿರಲಿಲ್ಲ. ಶಾಸನಸಭೆಯ ಶಾಸನಕ್ಕೆ ಅದೇ ಜೀವಾಳ. ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲ, ವಸೂಲು ಮಾಡುವಂತಿಲ್ಲ ಎಂದು ನಮ್ಮ ಸಂವಿಧಾನದ 265ನೆಯ ಅನುಚ್ಛೇದ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದೆ. ನನ್ನ ಹಣದ ಒಂದು ಪಾಲನ್ನು ಸರಕಾರ ತೆಗೆದುಕೊಳ್ಳುವುದು ನ್ಯಾಯವಾಗುವುದು, ನನ್ನ ಪರವಾಗಿ ಒಬ್ಬರಾದರೂ ಅಲ್ಲಿ ಕುಳಿತು ಮಾತನಾಡಿರುತ್ತಾರೆ ಎಂಬ ನಂಬಿಕೆಯಿಂದ.

ಗಡಿನಾಡಿನಲ್ಲಿ ಬೆಳೆದವರಿಗೆ ತೆರಿಗೆಗೆ ಒಂದೇ ಹೆಸರಿಲ್ಲ. ನಮ್ಮ ಮನೆಯ ಹಳೆಯ ಮರದ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಕಾಗದಗಳಿವೆ. ಅವೆಲ್ಲ ‘ತೀರ್ವೆ’ಯ ರಶೀದಿಗಳು. ಕಾಸರಗೋಡು ಅಂದು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ತಾಲೂಕು. 1956ರ ನವೆಂಬರ್ 1ರ ನಂತರ ಅದೇ ಭೂಮಿಗೆ, ಅದೇ ಮನೆಯವರು, ವಿಲ್ಲೇಜ್ ಆಫೀಸಿನಲ್ಲಿ ‘ನಿಕುತಿ’ ಕಟ್ಟತೊಡಗಿದರು. ಪತ್ರಿಕೆಯಲ್ಲಿ ಓದುವುದು ‘ತೆರಿಗೆ’, ಅಂಗಡಿಯವನು ಹೇಳುವುದು ‘ಟ್ಯಾಕ್ಸು’. ತೀರ್ವೆ ಎಂಬುದರಲ್ಲಿ ತೀರುವ ಕ್ರಿಯೆಯಿದೆ, ಎಂದಿಗೂ ತೀರದ ಬಾಕಿಗೆ ಅಂತಹ ಹೆಸರಿಟ್ಟವರ ಹಾಸ್ಯಪ್ರಜ್ಞೆ ದೊಡ್ಡದು. ತೆರಿಗೆಯ ಮೂಲ ‘ತೆರು’. ಬೆಲೆ ತೆರುವುದು, ದಂಡ ತೆರುವುದು ಎಂಬಲ್ಲೆಲ್ಲ ಕೊಡುವವನ ನೋವು ಸ್ವಲ್ಪ ಅಂಟಿಕೊಂಡಿದೆ.

ಈ ನೆಲದ ಜನ ತೆರಿಗೆಯ ಮೇಲೆ ಮಾತನಾಡಲು ಶಾಸನಸಭೆಗಾಗಿ ಕಾದವರೂ ಅಲ್ಲ. 1830–31ರಲ್ಲಿ ಬೆಳೆಯ ಬೆಲೆ ಕುಸಿದು ಕಂದಾಯ ಮಾತ್ರ ಇಳಿಯದೆ ನಿಂತಾಗ ಕೆನರಾ ಜಿಲ್ಲೆಯ ರೈತರು ಊರೂರಿನಲ್ಲಿ ‘ಕೂಟ’ ಸೇರಿದರು. ಕುಂಬಳೆ, ಮಂಜೇಶ್ವರದ ಕಡೆಯವರೂ ಅದರಲ್ಲಿದ್ದರು. ಅರ್ಜಿ ಬರೆದರು, ಕಟ್ಟುವುದಿಲ್ಲವೆಂದರು. ಇತಿಹಾಸದ ಪುಸ್ತಕಗಳಲ್ಲಿ ಇದು ‘ಕೂಟ ದಂಗೆ’. ದಂಗೆ ಎಂಬುದು ಸರಕಾರದ ಮಾತು, ಕೂಟ ಎಂಬುದು ರೈತರ ಮಾತು. ನನಗೆ ಎರಡನೆಯದೇ ಸರಿಯೆಂದು ತೋರುತ್ತದೆ. ಸಭೆ ಇಲ್ಲದವರು ಮಾಡಿಕೊಂಡ ಸಭೆ ಅದು.

ಮೂವತ್ತು ವರ್ಷಗಳ ನಂತರ, 1860ರಲ್ಲಿ, ಆದಾಯ ತೆರಿಗೆ ಈ ದೇಶಕ್ಕೆ ಬಂದಿತು. 1857ರ ಹೋರಾಟವನ್ನು ಹತ್ತಿಕ್ಕುವುದರಲ್ಲಿ ಬರಿದಾದ ಬೊಕ್ಕಸವನ್ನು ತುಂಬಲು ಜೇಮ್ಸ್ ವಿಲ್ಸನ್ ಅದನ್ನು ತಂದರು. ಆ ಹೊತ್ತಿಗೆ ಕಲ್ಕತ್ತೆಯ ಶಾಸನ ಮಂಡಳಿಯಲ್ಲಿ ಒಬ್ಬ ಭಾರತೀಯನೂ ಇರಲಿಲ್ಲ. ವಿರೋಧ ಬಂದದ್ದು ವಿಚಿತ್ರವಾದ ಕಡೆಯಿಂದ: ನಮ್ಮ ಪ್ರಾಂತದ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಈ ಹೊಸ ತೆರಿಗೆಗಳು ಬೇಡವೆಂದು ಬರೆದು, ಬರೆದುದನ್ನು ಪತ್ರಿಕೆಗಳಿಗೂ ಕೊಟ್ಟುಬಿಟ್ಟರು. ಅವರನ್ನು ಇಂಗ್ಲೆಂಡಿಗೆ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಅಭಿಪ್ರಾಯ ಇಟ್ಟುಕೊಂಡದ್ದಕ್ಕಿಂತ ಅದನ್ನು ಜನರೆದುರು ಇಟ್ಟದ್ದು ದೊಡ್ಡ ಅಪರಾಧವಾಗಿ ಕಂಡಿತು ಎಂಬುದನ್ನು ನೆನಪಿಡಬೇಕು.

ಈಗ ನಮ್ಮ ಕಾಲದ ವಿಷಯಕ್ಕೆ ಬರುತ್ತೇನೆ. ಸ್ವತಂತ್ರ ಭಾರತದ ಆದಾಯ ತೆರಿಗೆ ಕಾಯಿದೆ 1961ರದು. 1962ರ ಏಪ್ರಿಲ್ 1ರಿಂದ ಜಾರಿಗೆ ಬಂದದ್ದು. ಹುಟ್ಟುವಾಗ ಅದರಲ್ಲಿ ಇದ್ದದ್ದು 298 ಪ್ರಕರಣಗಳು. ಪ್ರತಿ ಬಜೆಟ್ಟಿನಲ್ಲಿಯೂ ಒಂದಿಷ್ಟು ಸೇರುತ್ತ, ಒಂದಿಷ್ಟು ಉದುರುತ್ತ, ಸಂಖ್ಯೆಗೆ ಜಾಗ ಸಾಲದೆ ಅಕ್ಷರಗಳ ಬಾಲ ಬೆಳೆಯಿತು. 115ಬಿಎಸಿ ಎಂಬ ಪ್ರಕರಣದ ಹೆಸರನ್ನು ಕೇಳಿದರೆ ವಾಹನದ ನೋಂದಣಿ ಸಂಖ್ಯೆಯೆಂದು ಭ್ರಮೆಯಾಗಬೇಕು. ಕೊನೆಗೆ 819 ಪ್ರಕರಣ, 47 ಅಧ್ಯಾಯ, ಐದು ಲಕ್ಷಕ್ಕೂ ಮಿಕ್ಕಿದ ಪದಗಳು. ಒಂದು ವಾಕ್ಯ ನಿಯಮವನ್ನು ಹೇಳುತ್ತದೆ, ಅದರ ಬೆನ್ನಿಗೆ ‘ಪರಂತು’ ಎಂದು ಆರಂಭವಾಗುವ ಪರಂತುಕ, ಪರಂತುಕಕ್ಕೊಂದು ಪರಂತುಕ, ಎಲ್ಲವೂ ಮುಗಿಯಿತೆನ್ನುವಾಗ ಒಂದು ‘ವಿವರಣೆ’. ಟೀಕೆ, ಟಿಪ್ಪಣಿ, ಟಿಪ್ಪಣಿಯ ಮೇಲಿನ ಟಿಪ್ಪಣಿಗಳನ್ನು ಕಂಡ ನಮ್ಮ ಶಾಸ್ತ್ರಗ್ರಂಥಗಳಿಗೆ ಇದು ಅಪರಿಚಿತವಲ್ಲ. ಆದರೆ ಶಾಸ್ತ್ರಗ್ರಂಥವನ್ನು ಓದದವನಿಗೆ ದಂಡ ಬೀಳುವುದಿಲ್ಲ.

ಆ ಕಾಯಿದೆಯ ಭಾಷೆಯಲ್ಲಿ ನನಗೆ ಎಂದಿಗೂ ಅಚ್ಚರಿ ಹುಟ್ಟಿಸುತ್ತಿದ್ದದ್ದು ಅದರ ಕಾಲಗಣನೆ. ನೀವು ದುಡಿಯುತ್ತಿರುವ ಈ ವರ್ಷಕ್ಕೆ ಅದು ಕೊಟ್ಟ ಹೆಸರು ‘ಹಿಂದಿನ ವರ್ಷ’. ಮುಂದೆ ಬರಲಿರುವ, ಲೆಕ್ಕ ಹಾಕುವ ವರ್ಷಕ್ಕೆ ‘ನಿರ್ಧರಣಾ ವರ್ಷ’. ಕಾನೂನು ತಾನು ನಾಳೆಯಲ್ಲಿ ನಿಂತು ನಿಮ್ಮ ಇಂದನ್ನು ನಿನ್ನೆಯೆಂದು ಕರೆಯುತ್ತಿತ್ತು. ವರ್ತಮಾನವನ್ನು ಭೂತವೆಂದು ಹೇಳುವ ಈ ಪ್ರಯೋಗವನ್ನು ನಮ್ಮ ವೈಯಾಕರಣರು ಯಾರೂ ಸೂತ್ರಿಸಿದಂತಿಲ್ಲ. 2025ರ ಕಾಯಿದೆ ಈ ಎರಡನ್ನೂ ತೆಗೆದು ‘ತೆರಿಗೆ ವರ್ಷ’ ಎಂಬ ಒಂದೇ ಪದವನ್ನು ತಂದಿದೆ. ಇದು ಒಳ್ಳೆಯ ಕೆಲಸ. ಯಾವ ಪಕ್ಷದವರು ಮಾಡಿದರೂ ಒಳ್ಳೆಯ ಕೆಲಸವೇ.

ಹೊಸ ಮಸೂದೆ ಲೋಕಸಭೆಗೆ ಬಂದದ್ದು 2025ರ ಫೆಬ್ರವರಿ 13ರಂದು: 536 ಖಂಡಗಳು, 23 ಅಧ್ಯಾಯಗಳು, ಪದಗಳು ಮೊದಲಿನ ಅರ್ಧದಷ್ಟು. ತೆರಿಗೆಯ ದರವನ್ನಲ್ಲ, ಭಾಷೆಯನ್ನು ಸರಳಗೊಳಿಸುವುದೇ ಉದ್ದೇಶವೆಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಹೇಳಿದರು. ಸಭೆ ಅದನ್ನು ಬೈಜಯಂತ್ ಪಾಂಡಾ ಅವರ ಅಧ್ಯಕ್ಷತೆಯ 31 ಸದಸ್ಯರ ಆಯ್ಕೆ ಸಮಿತಿಗೆ ಒಪ್ಪಿಸಿತು. ಸಮಿತಿ ಜುಲೈ 21ರಂದು ಮಂಡಿಸಿದ ವರದಿ ನಾಲ್ಕೂವರೆ ಸಾವಿರ ಪುಟಗಳನ್ನು ಮೀರಿದ್ದು, ಅದರಲ್ಲಿ 285 ಸಲಹೆಗಳು. ಸರಳೀಕರಣದ ವರದಿಯೇ ಇಷ್ಟು ದಪ್ಪವಾದದ್ದನ್ನು ಕಂಡು ನಗುವವರು ನಗಲಿ, ಸಮಿತಿ ಮಾಡಿದ ಕೆಲಸ ಮಾತ್ರ ನಗುವಂತಹುದಲ್ಲ. ಅದು ಪದಗಳನ್ನು ಹಿಡಿದು ಅಲುಗಾಡಿಸಿ ನೋಡಿತು. ಬಾಡಿಗೆ ಮನೆಯ ವಾರ್ಷಿಕ ಮೌಲ್ಯವನ್ನು ಹೇಳುವ ಖಂಡದಲ್ಲಿ ‘ಸಾಮಾನ್ಯ ಕ್ರಮದಲ್ಲಿ’ ಎಂಬ ಅರ್ಥದ ಪದಗಳಿದ್ದವು. ಸಾಮಾನ್ಯ ಯಾವುದು, ಅದನ್ನು ಹೇಳುವವರು ಯಾರು? ಅಧಿಕಾರಿಗೆ ಒಂದು ಸಾಮಾನ್ಯ, ಬಾಡಿಗೆದಾರ ಸಿಗದೆ ಮನೆ ಖಾಲಿ ಬಿಟ್ಟವನಿಗೆ ಇನ್ನೊಂದು ಸಾಮಾನ್ಯ. ಸಮಿತಿ ಆ ಪದಗಳನ್ನು ಕೈಬಿಡಿಸಿತು. ಕವಿತೆಯ ಒಂದು ವಿಶೇಷಣದ ಮೇಲೆ ಒಂದು ಗಂಟೆ ಚರ್ಚೆ ಮಾಡಿ ‘ಇಷ್ಟೆಲ್ಲ ಬೇಕೇ’ ಎಂದು ಬೇಸರಗೊಳ್ಳುವ ವಿದ್ಯಾರ್ಥಿಗಳು ಈ ಉದಾಹರಣೆಯನ್ನು ನೆನಪಿನಲ್ಲಿಟ್ಟುಕೊಳ್ಳಬಹುದು.

ನನಗೆ ಅತಿ ಹತ್ತಿರದ್ದಾಗಿ ಕಂಡ ಬದಲಾವಣೆ ಇನ್ನೊಂದು. ಅದನ್ನು ಹೇಳಬೇಕಾದರೆ ನನ್ನ ಚಿಕ್ಕಮ್ಮನ ಸಂಗತಿಯನ್ನು ಹೇಳಬೇಕು. ಅವರು ಅಡಿಕೆ ತೋಟದ ಒಂದು ತುಂಡನ್ನು ಮಾರಿ ಬಂದ ಹಣವನ್ನು ಬ್ಯಾಂಕಿನಲ್ಲಿ ನಿರಖು ಠೇವಣಿಯಾಗಿ ಇಟ್ಟವರು. ಬೇರೆ ಆದಾಯವಿಲ್ಲ; ತೆರಿಗೆ ಕೊಡಬೇಕಾದ ಮಿತಿಯ ಹತ್ತಿರಕ್ಕೂ ಅವರ ಲೆಕ್ಕ ಬರುವುದಿಲ್ಲ. ಹಾಗಿದ್ದರೂ ಬಡ್ಡಿ ಒಂದು ಮೊತ್ತವನ್ನು ದಾಟಿದ ಕೂಡಲೇ ಬ್ಯಾಂಕು ನೂರಕ್ಕೆ ಹತ್ತರಂತೆ ಮುರಿದುಕೊಳ್ಳಬೇಕೆಂಬುದು ನಿಯಮ. ಮುರಿಯಬಾರದೆಂದಿದ್ದರೆ ಹಿರಿಯ ನಾಗರಿಕರು ಹಳೆಯ ಕಾಯಿದೆಯಂತೆ 15ಎಚ್ ಎಂಬ ನಮೂನೆಯನ್ನು ತುಂಬಿ ಕೊಡಬೇಕಿತ್ತು. ಬ್ಯಾಂಕಿನವರು ಕೊಟ್ಟ ಕಾಗದದ ಒಂದು ಮಗ್ಗುಲು ಹಿಂದಿ, ಇನ್ನೊಂದು ಮಗ್ಗುಲು ಇಂಗ್ಲಿಷು. ಗೋಡೆಯ ಮೇಲಿನ ಸೂಚನೆ ಮಲಯಾಳದಲ್ಲಿ. “ಕನ್ನಡದ್ದು ಒಂದು ಕೊಡ್ಲಿಕ್ಕೆ ಇಲ್ವಾ ಮಗಾ?” ಎಂದು ಅವರು ನನ್ನಲ್ಲಿ ಕೇಳಿದರು. ಕೊಡಲಿಕ್ಕೆ ಇರಲಿಲ್ಲ. ಅವರು ಅದನ್ನು ತುಂಬದೆ ಹಾಗೆಯೇ ಮಡಚಿ ತಂದರು. ಆ ವರ್ಷ ಆರು ಸಾವಿರದಷ್ಟು ರೂಪಾಯಿ ಕಡಿತವಾಯಿತು.

ಅದನ್ನು ಹಿಂದಕ್ಕೆ ಪಡೆಯಲು ಇರುವ ದಾರಿ ಒಂದೇ, ಆದಾಯ ತೆರಿಗೆಯ ವಿವರಪಟ್ಟಿ ಸಲ್ಲಿಸುವುದು. ಆದರೆ ಅವರ ಹೆಸರು ಆಧಾರ್ ಚೀಟಿಯಲ್ಲಿ ಒಂದು ರೀತಿ, ಪ್ಯಾನ್ ಚೀಟಿಯಲ್ಲಿ ಇನ್ನೊಂದು ರೀತಿ. ಕನ್ನಡದ ಹೆಸರು ಮಲಯಾಳದ ಕಿವಿಯ ಮೂಲಕ ಹಾದು ಇಂಗ್ಲಿಷಿಗೆ ಇಳಿಯುವಾಗ ಹ್ರಸ್ವ ದೀರ್ಘವಾಗುವುದು, ಅಲ್ಪಪ್ರಾಣ ಮಹಾಪ್ರಾಣವಾಗುವುದು ಇಲ್ಲಿ ಮನೆಮನೆಯ ಕಥೆ. ಅದನ್ನು ಸರಿಪಡಿಸಿಕೊಂಡು ಬರುವಾಗ ನವೆಂಬರ್ ಆಗಿತ್ತು. ಜುಲೈಯ ಗಡುವು ದಾಟಿದರೂ ಡಿಸೆಂಬರ್ ಕೊನೆಯ ತನಕ ತಡವಾಗಿ ಸಲ್ಲಿಸಲು ಹಳೆಯ ಕಾಯಿದೆಯಲ್ಲಿ ಅವಕಾಶವಿತ್ತು. ಹಣ ಬಂದಿತು.

ಫೆಬ್ರವರಿಯ ಕರಡಿನ 263ನೆಯ ಖಂಡದಲ್ಲಿ, ಕಡಿತವಾದ ಹಣವನ್ನು ಹಿಂದಕ್ಕೆ ಕೇಳುವವರು ನಿಗದಿತ ದಿನದೊಳಗೇ ವಿವರಪಟ್ಟಿ ಸಲ್ಲಿಸಬೇಕು ಎಂಬ ಅರ್ಥ ಕೊಡುವ ಒಂದು ಸಾಲಿತ್ತು. ಇದ್ದ ಮಾತನ್ನು ಇದ್ದ ಹಾಗೆ ಓದಿದರೆ, ಒಂದು ದಿನ ತಡವಾದರೂ ಹಣ ಹೋಯಿತು. ಅದು ದೊಡ್ಡವರನ್ನು ತಾಗುವ ಸಾಲಲ್ಲ, ಅವರಿಗೆ ಲೆಕ್ಕಿಗರಿದ್ದಾರೆ. ತಾಗುವುದು ಚಿಕ್ಕಮ್ಮನಂಥವರನ್ನು. ಕೊಡಬೇಕಾಗಿಯೇ ಇಲ್ಲದ ತೆರಿಗೆಯನ್ನು ಕೊಟ್ಟು, ಅದನ್ನು ಮರಳಿ ಪಡೆಯುವುದಕ್ಕಾಗಿಯೇ ವಿವರಪಟ್ಟಿ ಸಲ್ಲಿಸುವವರನ್ನು. ಆಯ್ಕೆ ಸಮಿತಿ ಈ ಸಾಲನ್ನು ತೆಗೆಯುವಂತೆ ಹೇಳಿತು. ಸರಕಾರ ಆಗಸ್ಟ್ 8ರಂದು ಹಳೆಯ ಮಸೂದೆಯನ್ನು ಹಿಂತೆಗೆದುಕೊಂಡು 11ರಂದು ಪರಿಷ್ಕೃತ ಮಸೂದೆಯನ್ನು ತಂದಾಗ ಆ ಸಾಲು ಅದರಲ್ಲಿರಲಿಲ್ಲ. ಚಿಕ್ಕಮ್ಮನಿಗೆ ದೆಹಲಿಯಲ್ಲಿ ತನ್ನ ಪರವಾಗಿ ಯಾರೋ ಮಾತನಾಡಿದರೆಂಬುದು ತಿಳಿಯದು. ನಾನು ಹೇಳಿದಾಗಲೂ ಅವರು ನಂಬಿದಂತೆ ಕಾಣಲಿಲ್ಲ.

ಅವರು ನಂಬದಿರುವುದರಲ್ಲಿ ನ್ಯಾಯವೂ ಇದೆ. ಆಗಸ್ಟ್ 11ರಂದು ಸದನದಲ್ಲಿ ನಡೆದದ್ದು ಚರ್ಚೆಯಲ್ಲ. ಬಿಹಾರದ ಮತದಾರರ ಪಟ್ಟಿಯ ಪರಿಷ್ಕರಣೆಯ ವಿಷಯದಲ್ಲಿ ವಿರೋಧ ಪಕ್ಷಗಳ ಪ್ರತಿಭಟನೆ ನಡೆಯುತ್ತಿತ್ತು. ಆ ಗದ್ದಲದ ನಡುವೆಯೇ ಮಸೂದೆ ಮಂಡನೆಯಾದ ದಿನವೇ ಕೆಲವು ನಿಮಿಷಗಳಲ್ಲಿ ಧ್ವನಿಮತದಿಂದ ಅಂಗೀಕಾರವಾಯಿತು. ಮರುದಿನ ರಾಜ್ಯಸಭೆಯೂ ಒಪ್ಪಿತು, 21ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು, 2026ರ ಏಪ್ರಿಲ್ 1 ಜಾರಿಯ ದಿನವೆಂದು ನಿಶ್ಚಯವಾಯಿತು. ಒಬ್ಬರು ತಮ್ಮ ಪ್ರಶ್ನೆಗೆ ಉತ್ತರ ಸಿಗುವ ತನಕ ಸಭೆ ನಡೆಯಬಾರದೆನ್ನುತ್ತಾರೆ, ಇನ್ನೊಬ್ಬರು ಸಭೆ ನಡೆಯದಿದ್ದರೂ ಕೆಲಸ ಮುಗಿಯಬೇಕೆನ್ನುತ್ತಾರೆ. ತಪ್ಪನ್ನು ಒಂದು ಕಡೆಗೆ ತೂಗಿ ಕೊಡುವುದು ನನ್ನಿಂದಾಗದು. ಆದರೆ ದೇಶದ ಪ್ರತಿ ಸಂಬಳದಾರನ, ಪ್ರತಿ ಠೇವಣಿದಾರನ ಮನೆಗೆ ಬರುವ ಕಾನೂನು ಬಾಗಿಲು ಮುಚ್ಚಿದ ಕೋಣೆಯಲ್ಲಿ ತಿಂಗಳುಗಟ್ಟಲೆ ಚರ್ಚೆಯಾಗಿ, ಎಲ್ಲರೂ ನೋಡುವ ಸಭೆಯಲ್ಲಿ ನಿಮಿಷಗಳಲ್ಲಿ ಮುಗಿದದ್ದು ನನ್ನನ್ನು ಕಾಡಿದೆ. ಅಧಿಕಾರಿಗಳು ತಪಾಸಣೆಯ ವೇಳೆ ಮಿಂಚಂಚೆ, ಸಾಮಾಜಿಕ ಜಾಲದ ಖಾತೆಗಳನ್ನೂ ತೆರೆಸಿ ನೋಡಬಹುದೆಂಬ ಅಧಿಕಾರ ಆ ಕಾಯಿದೆಯಲ್ಲಿ ಸ್ಪಷ್ಟ ಮಾತುಗಳಲ್ಲಿ ಉಳಿದುಕೊಂಡಿದೆ. ಅದರ ಪರವಾಗಿ ವಾದವಿರಬಹುದು. ಆ ವಾದವನ್ನು ಸದನದಲ್ಲಿ, ಎದುರು ವಾದದ ಜೊತೆಗೆ ಕೇಳುವ ಹಕ್ಕು ನಮಗಿತ್ತು.

ಹೀಗೆಯೇ ಆಗಬೇಕೆಂದೇನೂ ಇಲ್ಲ. ಸರಕು ಮತ್ತು ಸೇವಾ ತೆರಿಗೆಗಾಗಿ ಸಂವಿಧಾನವನ್ನು ತಿದ್ದುವ ಮಸೂದೆ 2016ರ ಆಗಸ್ಟ್ 3ರಂದು ರಾಜ್ಯಸಭೆಗೆ ಬಂದಾಗ ಗಂಟೆಗಟ್ಟಲೆ ಚರ್ಚೆ ನಡೆಯಿತು. ದರ ನೂರಕ್ಕೆ ಹದಿನೆಂಟನ್ನು ಮೀರಬಾರದೆಂದು ಪಿ. ಚಿದಂಬರಂ ವಾದಿಸಿದರು, ಅರುಣ್ ಜೇಟ್ಲಿ ಉತ್ತರಿಸಿದರು. ಸರಕು ತಯಾರಾಗುವ ರಾಜ್ಯಕ್ಕಲ್ಲ, ಬಳಕೆಯಾಗುವ ರಾಜ್ಯಕ್ಕೆ ತೆರಿಗೆ ಸೇರುವುದು ಕಾರ್ಖಾನೆಗಳ ನಾಡಾದ ತಮಿಳುನಾಡಿಗೆ ನಷ್ಟವೆಂದು ಎ.ಐ.ಎ.ಡಿ.ಎಂ.ಕೆ. ಸದಸ್ಯರು ಸಭೆಯಿಂದ ಹೊರನಡೆದರು. ಹೊರಗಿನಿಂದ ತರಿಸಿ ಬಳಸುವ ಕೇರಳಕ್ಕೆ ಅದೇ ಲಾಭದ ನಿರೀಕ್ಷೆ. 203 ಮತ ಪರವಾಗಿ, ವಿರೋಧವಾಗಿ ಒಂದೂ ಇಲ್ಲ. ಒಪ್ಪಿಗೆ ಸರ್ವಾನುಮತದ್ದೇ ಆದರೂ ಅದು ಮಾತಿನ ನಂತರ ಬಂದ ಒಪ್ಪಿಗೆ.

ಆ ಚರ್ಚೆಯ ಫಲವನ್ನು ನಾವು ಕಣ್ಣಾರೆ ಕಂಡವರು. 2017ರ ಜುಲೈಗೆ ಮೊದಲು ಮಂಜೇಶ್ವರದ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟಿನಲ್ಲಿ ಲಾರಿಗಳ ಸಾಲು ಎಷ್ಟು ಉದ್ದವಿರುತ್ತಿತ್ತೆಂಬುದನ್ನು ತಲಪಾಡಿಯ ಮೂಲಕ ಬಸ್ಸಿನಲ್ಲಿ ಹೋಗಿ ಬಂದವರು ಬಲ್ಲರು. ಆ ಸಾಲು ಇಲ್ಲವಾಯಿತು. ಇನ್ನೊಂದು ಸಣ್ಣ ತಮಾಷೆಯೂ ಉಂಟು. ಕಾಸರಗೋಡಿನವರು ಮದುವೆಯ ಸೀರೆಗೆ ಮಂಗಳೂರಿಗೆ ಹೋಗಿ, ಬಿಲ್ಲಿನಲ್ಲಿ ಮನೆಯ ವಿಳಾಸ ಬರೆಸದೆ ಹಣ ಕೊಟ್ಟು ಬಂದರೆ, ತೆರಿಗೆಯ ರಾಜ್ಯದ ಪಾಲು ಕರ್ನಾಟಕಕ್ಕೆ ಸಲ್ಲುತ್ತದೆ. 1956ರಲ್ಲಿ ಬಿಟ್ಟುಬಂದ ಮನೆಗೆ ಸೊಸೆಯ ಸೀರೆಯ ಲೆಕ್ಕದಲ್ಲಿ ನಾವು ಕಾಣಿಕೆ ಕಳುಹಿಸುತ್ತಲೇ ಇದ್ದೇವೆ.

ಚರ್ಚೆ ನಡೆದರೂ ಅದು ಯಾವ ಭಾಷೆಯಲ್ಲಿ ಎಂಬ ಪ್ರಶ್ನೆ ಉಳಿಯುತ್ತದೆ. ಸಂಸತ್ತಿನ ವ್ಯವಹಾರ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ. ಅವುಗಳಲ್ಲಿ ಸಮರ್ಪಕವಾಗಿ ಹೇಳಲಾರದ ಸದಸ್ಯರಿಗೆ ಮಾತೃಭಾಷೆಯಲ್ಲಿ ಮಾತನಾಡಲು 120ನೆಯ ಅನುಚ್ಛೇದದಂತೆ ಸಭಾಪತಿ ಅನುಮತಿ ಕೊಡಬಹುದು. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿ ದಾರಿ ತೆರೆದರು. ಕಾಯಿದೆಗಳ ಅಧಿಕೃತ ಪಾಠ ಇಂಗ್ಲಿಷಿನದೆಂದು 348ನೆಯ ಅನುಚ್ಛೇದ ಹೇಳುತ್ತದೆ. ಆದರೆ 1973ರ ಒಂದು ಕಾಯಿದೆಯಿದೆ: ಕೇಂದ್ರದ ಕಾನೂನುಗಳನ್ನು ಪ್ರಾದೇಶಿಕ ಭಾಷೆಗಳಿಗೆ ಅನುವಾದಿಸಿ ರಾಷ್ಟ್ರಪತಿಗಳ ಅಧಿಕಾರದಡಿ ಪ್ರಕಟಿಸಿದರೆ ಆ ಅನುವಾದವೂ ಆ ಭಾಷೆಯಲ್ಲಿ ಅಧಿಕೃತ ಪಾಠವಾಗುತ್ತದೆ. ಎಂದರೆ ಕನ್ನಡದ ಪಾಠ ಬರಿಯ ಸಾರಾಂಶವಲ್ಲ, ಕಾನೂನೇ. ಅದನ್ನು ಬರೆಯುವವರು ಕನ್ನಡ ಓದಿದವರಾಗಿರಬೇಕು. ವಾಣಿಜ್ಯ ವಿಭಾಗದವರೊಬ್ಬರಿಂದ ಅದು ಆಗದು.

ಈ ಸೆಮಿಸ್ಟರಿನಲ್ಲಿ ಅನುವಾದದ ಅಭ್ಯಾಸಕ್ಕಾಗಿ ಹೊಸ ಕಾಯಿದೆಯ ಕೆಲವು ಸಾಲುಗಳನ್ನು ಎತ್ತಿಕೊಂಡೆವು. ಇಂಗ್ಲಿಷಿನ ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಎಂಬ ಗಡಸು ಪದವನ್ನು ಕೈಬಿಟ್ಟು ‘ಇರ್‌ರೆಸ್ಪೆಕ್ಟಿವ್ ಆಫ್’ ಎಂದು ಬರೆದುದನ್ನು ಸರಳತೆಯ ಸಾಧನೆಯೆಂದು ಹೇಳಲಾಗಿದೆ. ನಮ್ಮ ತರಗತಿಯಲ್ಲಿ ಎರಡೂ ‘ಏನೇ ಇದ್ದರೂ’ ಎಂದೇ ಕನ್ನಡಕ್ಕೆ ಬಂದವು. ಸಾಧನೆ ಗಡಿ ದಾಟುವಾಗ ಆವಿಯಾಯಿತೆಂದು ಒಬ್ಬಳು ಹೇಳಿದಳು. ‘ತಕ್ಕದ್ದು’ ಎಂದು ಮುಗಿಯುವ ಕಾನೂನು ಕನ್ನಡದ ವಾಕ್ಯಗಳ ಮೇಲೆಯೂ ಜಗಳವಾಯಿತು. ಹೆಚ್ಚು ಹೊತ್ತು ಹಿಡಿದದ್ದು ಮಾತ್ರ ವಿವರಪಟ್ಟಿ ಸಲ್ಲಿಸಬೇಕಾದ ದಿನಕ್ಕೆ ಹೆಸರು ಹುಡುಕುವುದು. ‘ಗಡುವು’ ಬೆದರಿಸುವಂತಿದೆಯೆಂದರು, ‘ಕೊನೆಯ ದಿನಾಂಕ’ ಎಂದರೆ ಅದರ ನಂತರ ಬಾಗಿಲಿಲ್ಲ ಎಂಬ ಅರ್ಥ ಬರುತ್ತದೆ, ‘ನಿಯತ ದಿನಾಂಕ’ ಯಾರ ಮನೆಯಲ್ಲಿಯೂ ಬಳಕೆಯಲ್ಲಿಲ್ಲ. ಹಿಂದಿನ ಬೆಂಚಿನಿಂದ ‘ವಾಯಿದೆ’ ಎಂಬ ಮಾತು ಬಂದಿತು, ಅಜ್ಜಂದಿರು ಕೋರ್ಟಿನ ವಾಯಿದೆಗೂ ಸಾಲದ ವಾಯಿದೆಗೂ ಹೋಗಿಬಂದ ಪದ. ಸದ್ಯಕ್ಕೆ ಹಲಗೆಯ ಮೇಲೆ ಅದನ್ನೇ ಬರೆದಿಟ್ಟಿದ್ದೇವೆ. ಬೇರೆ ಪದದ ಪರವಾಗಿ ಮಾತನಾಡಲಿರುವವರು ಬುಧವಾರದ ತರಗತಿಗೆ ಬರಬಹುದು.